ಮೈನಸ್ ಕಾಣೆಯಾದ ಕ್ಲಾಸು: ಡೊಂಬಿವಲಿಯ ಒಂದು ವೆಬ್‌ಕ್ಯಾಮ್ ಪ್ರಕರಣ

ನಾವೇ ಜೋಡಿಸಿದ ಕಂಪ್ಯೂಟರ್ ಮೊದಲ ಸಲ ಆನ್ ಆದಾಗ ಶನಿವಾರ ಸಂಜೆ ಐದೂವರೆ. ಫ್ಯಾನ್ ತಿರುಗಿತು, ಮಾನಿಟರ್‌ನಲ್ಲಿ ಬೆಳಕು ಬಂತು. ಅಕ್ಕ ಅಡುಗೆಮನೆಯಿಂದ ಬಂದು ಕ್ಯಾಬಿನೆಟ್ ಹಣೆಗೆ ಕುಂಕುಮ ಇಟ್ಟಳು. ಆರೂವರೆಗೆ ಕ್ಲಾಸ್ ಇತ್ತು. ಅಕ್ಕನ ಮಗಳು ಕುರ್ಚಿ ಎಳೆದುಕೊಂಡು ಕೂತು ಮೀಟಿಂಗ್ ಲಿಂಕ್ ತೆರೆದಳು. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಮಾವ, ಇದಕ್ಕೆ ಕ್ಯಾಮೆರಾ ಎಲ್ಲುಂಟು?"

ಇರಲಿಲ್ಲ. ಮೈಕೂ ಇರಲಿಲ್ಲ. ವೈಫೈ ಕೂಡ ಇರಲಿಲ್ಲ, ಆದರೆ ಅದು ಮಧ್ಯಾಹ್ನವೇ ನೆನಪಾಗಿ ಡಾಂಗಲ್ ತಂದಾಗಿತ್ತು. ಎರಡು ತಿಂಗಳು ಕೂತು ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್ ಅಂತ ಪಟ್ಟಿ ಮಾಡಿದ್ದೆವು. ಪವರ್ ಸಪ್ಲೈ 450 ವ್ಯಾಟ್ ಸಾಕಾ, 550 ಬೇಕಾ ಅಂತ ಒಂದು ಇಡೀ ಭಾನುವಾರ ಜಗಳ ಆಡಿದ್ದೆವು. ಕ್ಯಾಮೆರಾ ಮಾತ್ರ ಇಬ್ಬರ ತಲೆಗೂ ಹೊಳೆದಿರಲಿಲ್ಲ. ನನಗೆ ಐಟಿ ಸಪೋರ್ಟ್‌ನಲ್ಲಿ ಹದಿನಾರು ವರ್ಷ ಸರ್ವೀಸ್, ಹಾಗಾಗಿ ನಾಚಿಕೆ ಸ್ವಲ್ಪ ಜಾಸ್ತಿಯೇ ಆಯಿತು. ಲ್ಯಾಪ್‌ಟಾಪ್ ಮತ್ತು ಮೊಬೈಲ್ ಬಳಸಿ ಅಭ್ಯಾಸ ಆದವರಿಗೆ ಕ್ಯಾಮೆರಾ ಅನ್ನೋದು ಬೇರೆಯಾಗಿ ಕೊಳ್ಳುವ ವಸ್ತು ಅಂತಲೇ ಅನಿಸುವುದಿಲ್ಲ. ಮೊದಲ ಸಲ ಕಂಪ್ಯೂಟರ್ ಜೋಡಿಸುವವರು ಬೀಳುವ ಹೊಂಡ ಇದೇ.

ಅವತ್ತಿನ ಕ್ಲಾಸು ಎಂದಿನಂತೆ ಮೊಬೈಲ್‌ನಲ್ಲೇ ನಡೆಯಿತು. ಫೋನನ್ನು ಸಾಸಿವೆ ಡಬ್ಬಕ್ಕೆ ಒರಗಿಸಿ.

ಹುಡುಗಿಯ ಪರಿಸ್ಥಿತಿ ಹೇಳಿಬಿಡುತ್ತೇನೆ, ಯಾಕೆಂದರೆ ಕ್ಯಾಮೆರಾ ಆಯ್ಕೆಯ ಅರ್ಧ ಉತ್ತರ ಅದರಲ್ಲೇ ಇತ್ತು. ಬಿಕಾಂ ಮುಗಿಸಿ ಹಗಲು ಮುಂಬೈ ಪಕ್ಕದ ಠಾಣೆ ನಗರದ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ. ವಾರಕ್ಕೆ ಎರಡು ದಿನ ಮನೆಯಿಂದ. ಸಂಜೆ ಆರೂವರೆಯಿಂದ ಎಂಟರವರೆಗೆ ಎಂಟು, ಒಂಬತ್ತನೇ ಕ್ಲಾಸಿನ ಹನ್ನೊಂದು ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ. ಅದೇ ಕಡೆಯ ಡೊಂಬಿವಲಿ, ಕಲ್ಯಾಣದ ನಮ್ಮ ಕನ್ನಡದವರ ಮಕ್ಕಳೇ ಜಾಸ್ತಿ, ಇಬ್ಬರು ಕುಂದಾಪುರದವರು. ಮನೆ ಡೊಂಬಿವಲಿ ಪೂರ್ವದಲ್ಲಿ, ಒಂದು ಬೆಡ್‌ರೂಮಿನದು. ಹಾಲ್ ಹತ್ತಡಿಗೆ ಒಂಬತ್ತಡಿ. ಮೇಜು ಗೋಡೆಗೆ ತಾಗಿ. ಅವಳ ಬೆನ್ನ ಹಿಂದೆ ಬಚ್ಚಲಿಗೆ ಹೋಗುವ ದಾರಿ, ಅದರ ಮೇಲೆ ಅಡ್ಡಕ್ಕೆ ಒಂದು ಬಟ್ಟೆ ಹಗ್ಗ. ಜುಲೈ ತಿಂಗಳು, ಮಳೆ. ಮನೆಮಂದಿಯ ಬಟ್ಟೆಯೆಲ್ಲ ಆ ಹಗ್ಗದ ಮೇಲೆ.

ಕಂಪ್ಯೂಟರಿಗೆ ಇಟ್ಟಿದ್ದ ದುಡ್ಡಿನಲ್ಲಿ ಉಳಿದದ್ದು ಸುಮಾರು ಮೂರು ಸಾವಿರ. ಗ್ರಾಫಿಕ್ಸ್ ಕಾರ್ಡ್ ಬೇಡ ಅಂತ ಗ್ರಾಫಿಕ್ಸ್ ಒಳಗೇ ಇರುವ ರೈಜೆನ್ 5 5600ಜಿ ಪ್ರೊಸೆಸರ್ ಹಾಕಿದ್ದರಿಂದ ಅಷ್ಟಾದರೂ ಉಳಿಯಿತು.

1,350 ರೂಪಾಯಿಯ 2ಕೆ

ಸೋಮವಾರ ಅವಳು ಕೆಲಸದಿಂದ ಬರುವಾಗ ಸ್ಟೇಷನ್ ಹತ್ತಿರದ ಒಂದು ಅಂಗಡಿಯಿಂದ ಕ್ಯಾಮೆರಾ ತಂದೇಬಿಟ್ಟಳು. ನನ್ನನ್ನು ಕೇಳಲಿಲ್ಲ. ಕೇಳಿದರೆ ನಾನು ಮತ್ತೊಂದು ಭಾನುವಾರ ಜಗಳ ಆಡುತ್ತೇನೆ ಅಂತ ಹೆದರಿಕೆಯಂತೆ. ಪೆಟ್ಟಿಗೆ ಮೇಲೆ ದೊಡ್ಡದಾಗಿ 2ಕೆ, ಅಂದರೆ ಚಿತ್ರ ತುಂಬಾ ಚೂಪು ಅಂತ ಹೇಳಿಕೆ. ಸುತ್ತ ಒಂದು ಬಳೆಯಷ್ಟು ಲೈಟು. ಬೆಲೆ 1,350. ಬಿಲ್ ಇಲ್ಲ, "ಟೆಸ್ಟಿಂಗ್ ವಾರಂಟಿ" ಮಾತ್ರ. ಅಂದರೆ ಅಂಗಡಿಯಲ್ಲಿ ದೀಪ ಹತ್ತಿದರೆ ಅಲ್ಲಿಗೆ ವಾರಂಟಿ ಮುಗಿಯಿತು.

ಗುರುವಾರ ರಾತ್ರಿ ಫೋನ್ ಬಂತು. ಕ್ಲಾಸಿನಲ್ಲಿ ಒಂದು ಲೆಕ್ಕ ಕೊಟ್ಟಿದ್ದಳು: -3ಎಕ್ಸ್ + 7 = 1. ಎಕ್ಸ್ ಎಷ್ಟು? ಉತ್ತರ 2. ಹನ್ನೊಂದರಲ್ಲಿ ನಾಲ್ಕು ಮಕ್ಕಳು ಮೈನಸ್ 2 ಅಂತ ಬರೆದಿದ್ದರು. ಅವರು ಲೆಕ್ಕ ತಪ್ಪು ಮಾಡಿರಲಿಲ್ಲ. ಅವರ ಮೊಬೈಲ್‌ನಲ್ಲಿ 3ರ ಹಿಂದಿನ ಮೈನಸ್ ಕಂಡಿರಲೇ ಇಲ್ಲ. 3ಎಕ್ಸ್ + 7 = 1 ಅಂತ ಓದಿದರೆ ಮೈನಸ್ 2 ಸರಿಯಾದ ಉತ್ತರವೇ ಅಲ್ವಾ?

"ಕ್ಯಾಮೆರಾ ಹಾಳುಂಟು ಮಾವ" ಅಂದಳು. ಶನಿವಾರ ನನ್ನ ಹಳೆಯ ಲಾಜಿಟೆಕ್ ಸಿ920 ಚೀಲಕ್ಕೆ ಹಾಕಿಕೊಂಡು ಠಾಣೆಯಿಂದ ಹೊರಟೆ. ಆ ಕ್ಯಾಮೆರಾ 2012ರಲ್ಲಿ ಬಂದ ಮಾದರಿ. ನಾನು ಕೊಂಡದ್ದು 2020ರ ಲಾಕ್‌ಡೌನ್‌ನಲ್ಲಿ. ವೆಬ್‌ಕ್ಯಾಮ್ ಅನ್ನೋದು ಊರಲ್ಲೇ ಸಿಗದ ಕಾಲ, ಎಷ್ಟು ಕೊಟ್ಟೆ ಅಂತ ಹೆಂಡತಿಗೆ ಇವತ್ತಿಗೂ ಹೇಳಿಲ್ಲ.

ಕಾಯಿಲೆ ಒಂದಲ್ಲ

ಕೂತು ನೋಡಿದರೆ ತೊಂದರೆಗಳು ಒಂದರ ಮೇಲೊಂದು ಕೂತಿದ್ದವು. ಅವಳಿಗೆ ಎಲ್ಲವೂ ಸೇರಿ "ಹಾಳು" ಅಂತ ಕಾಣುತ್ತಿತ್ತು. ಬಿಡಿಸಿ ನೋಡಿದಾಗ ಅರ್ಧ ಮಾತ್ರ ಕ್ಯಾಮೆರಾದ ತಪ್ಪು.

ಮೊದಲನೆಯದು, ಚಿತ್ರದ ಮೇಲೆ ಕಪ್ಪು ಪಟ್ಟೆಗಳು ಮೆಲ್ಲಗೆ ಜಾರುತ್ತಿದ್ದವು. ನೀರಿನ ಮೇಲೆ ನೆರಳು ಹೋದ ಹಾಗೆ. ಇದು ಕ್ಯಾಮೆರಾ ಕೆಟ್ಟದ್ದಲ್ಲ, ಅದಕ್ಕೆ ತಾನು ಯಾವ ದೇಶದಲ್ಲಿದ್ದೇನೆ ಅಂತ ಗೊತ್ತಿಲ್ಲ, ಅಷ್ಟೆ. ನಮ್ಮಲ್ಲಿ ಕರೆಂಟು 50 ಹರ್ಟ್ಸ್. ಹಳೆಯ ಚೋಕಿನ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ನಮ್ಮ ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಕ್ಕೆ ಕಾಣುತ್ತದೆ. ತುಂಬಾ ಕ್ಯಾಮೆರಾಗಳು ಪೆಟ್ಟಿಗೆಯಿಂದ ಬರುವಾಗ ಅಮೆರಿಕದ 60 ಹರ್ಟ್ಸ್‌ಗೆ ಹೊಂದಿಸಿಕೊಂಡು ಬಂದಿರುತ್ತವೆ. ಹಾಗಾಗಿ ಚಿತ್ರದ ಒಂದೊಂದು ಸಾಲಿಗೆ ಒಂದೊಂದು ಥರ ಬೆಳಕು ಬೀಳುತ್ತದೆ. ಓಬಿಎಸ್ ಅನ್ನುವ ವಿಡಿಯೋ ಸಾಫ್ಟ್‌ವೇರ್ ಹಾಕಿ, ಕ್ಯಾಮೆರಾದ ಸೆಟ್ಟಿಂಗ್ ಒಳಗೆ ಪವರ್‌ಲೈನ್ ಫ್ರೀಕ್ವೆನ್ಸಿ ಅನ್ನುವ ಕಡೆ 60 ತೆಗೆದು 50 ಮಾಡಿದೆ. ಪಟ್ಟೆ ಮಾಯ. ಅರ್ಧ ನಿಮಿಷದ ಕೆಲಸ. ಅಕ್ಕ ಹಿಂದೆ ನಿಂತು "ಇಷ್ಟೇಯಾ?" ಅಂದಳು. ಇಷ್ಟೇ.

ಎರಡನೆಯದು, ಕೈ ಆಡಿಸಿದರೆ ಚಿತ್ರ ಹಿಂದೆ ಬೀಳುತ್ತಿತ್ತು. ಪೆನ್ನು ಒಂದು ಕಡೆ, ಪೆನ್ನಿನ ಭೂತ ಇನ್ನೊಂದು ಕಡೆ. ಓಬಿಎಸ್‌ನಲ್ಲಿ ನೋಡಿದರೆ 1080ಪಿ, ಆದರೆ ಸೆಕೆಂಡಿಗೆ ಐದೇ ಚಿತ್ರ. ಇಲ್ಲಿ ಒಂದು ಸಣ್ಣ ಗುಣಾಕಾರ ಮಾಡಿದರೆ ವಿಷಯ ಗೊತ್ತಾಗುತ್ತದೆ. 1920ಕ್ಕೆ 1080 ಅಂದರೆ ಒಂದು ಚಿತ್ರದಲ್ಲಿ 20,73,600 ಚುಕ್ಕಿ (ಪಿಕ್ಸೆಲ್). ವೈಯುವೈ2 ಅನ್ನುವ ಹಸಿ ರೂಪದಲ್ಲಿ ಚುಕ್ಕಿಗೆ ಎರಡು ಬೈಟ್. ಸೆಕೆಂಡಿಗೆ 30 ಚಿತ್ರ ಅಂದರೆ 124 ಮೆಗಾಬೈಟ್ ದಾಟುತ್ತದೆ. ಕ್ಯಾಮೆರಾದ ವೈರ್ ಯುಎಸ್‌ಬಿ 2.0, ಅದು ಕಾಗದದ ಮೇಲೆಯೇ ಸೆಕೆಂಡಿಗೆ 480 ಮೆಗಾಬಿಟ್, ಅಂದರೆ 60 ಮೆಗಾಬೈಟ್. ಕೈಗೆ ಸಿಗುವುದು ಅದಕ್ಕಿಂತ ತುಂಬಾ ಕಮ್ಮಿ. ಹತ್ತು ಸೀಟಿನ ಟೆಂಪೋಗೆ ನಲವತ್ತು ಜನ ಹತ್ತಿಸಿದ ಹಾಗೆ. ಅದಕ್ಕೇ ಕ್ಯಾಮೆರಾ ಐದು ಚಿತ್ರಕ್ಕೆ ಇಳಿಯಿತು. ಎಂಜೆಪೆಗ್ ಅಂತ ಆರಿಸಿಕೊಂಡರೆ ಕ್ಯಾಮೆರಾ ಪ್ರತಿ ಚಿತ್ರವನ್ನೂ ಒಳಗೇ ಹಿಂಡಿ ಕಳಿಸುತ್ತದೆ. ಆರಿಸಿದೆ, 30 ಬಂತು. ಇದೂ ಕ್ಯಾಮೆರಾದ ತಪ್ಪಲ್ಲ.

ಆದರೂ ಪೆನ್ನಿನ ಭೂತ ಪೂರ್ತಿ ಹೋಗಲಿಲ್ಲ. ಕಾರಣ ಬೆಳಕು. ಮಳೆಗಾಲದ ಸಂಜೆ, ತಲೆಯ ಹಿಂದೆ ಒಂದೇ ಟ್ಯೂಬ್‌ಲೈಟು. ಕತ್ತಲಾದರೆ ಕ್ಯಾಮೆರಾ ಪ್ರತಿ ಚಿತ್ರಕ್ಕೂ ಜಾಸ್ತಿ ಹೊತ್ತು ಕಣ್ಣು ಬಿಟ್ಟಿರುತ್ತದೆ. ಅಷ್ಟರಲ್ಲಿ ಕೈ ಮುಂದೆ ಹೋಗಿರುತ್ತದೆ. ಕ್ಯಾಮೆರಾದ ಬಳೆ ಲೈಟು ಹಾಕಿದರೆ ಕಾಗದದ ನಡುವೆ ಒಂದು ಬಿಳಿ ಚಂದ್ರ ಮೂಡಿತು, ಅದರೊಳಗಿನ ಅಂಕೆಗಳು ಪೂರ್ತಿ ಅಳಿಸಿಹೋದವು. ಆ ಲೈಟನ್ನು ಅವಳು ಮತ್ತೆ ಯಾವತ್ತೂ ಹಾಕಲಿಲ್ಲ.

ಇನ್ನು ಮೈನಸ್. ಇದು ಮಾತ್ರ ಕ್ಯಾಮೆರಾದ ಪಾಪವೇ.

ಮೇಜಿನ ಮೇಲೆ ಕನ್ನಡ ಪೇಪರ್ ಒಂದು ಬಿದ್ದಿತ್ತು. ಅದನ್ನು ಗೋಡೆಗೆ ಅಂಟಿಸಿ, ಕ್ಯಾಮೆರಾವನ್ನು ಎರಡಡಿ ದೂರ ಇಟ್ಟು, 640ಕ್ಕೆ 480ರಲ್ಲಿ ಒಂದು ಫೋಟೋ ತೆಗೆದೆ. 720ರಲ್ಲಿ ಒಂದು. ಪೆಟ್ಟಿಗೆ ಮೇಲಿನ 2ಕೆಯಲ್ಲಿ ಒಂದು. ಮೂರನ್ನೂ ಪಕ್ಕಪಕ್ಕ ಒಂದೇ ಗಾತ್ರಕ್ಕೆ ಹಿಗ್ಗಿಸಿ ನೋಡಿದೆವು. "ಕ್ಷ" ಅಕ್ಷರದ ಹೊಟ್ಟೆಯ ಸುಳಿ ಮೂರರಲ್ಲೂ ಒಂದೇ ಥರ ಮಸಿ ಮುದ್ದೆ. ಒತ್ತಕ್ಷರಗಳು ಮೂರರಲ್ಲೂ ಇರುವೆ ಸತ್ತು ಬಿದ್ದ ಹಾಗೆ. ನಿಜವಾದ 2ಕೆ ಆಗಿದ್ದರೆ ಆ ಸುಳಿ ಬಿಡಿಬಿಡಿಯಾಗಿ ಕಾಣಬೇಕಿತ್ತು. ಅಂದರೆ ಒಳಗಿನ ಸೆನ್ಸರ್ ನೋಡುವುದು 640 ಚುಕ್ಕಿ ಅಗಲದಷ್ಟನ್ನೇ. ಉಳಿದದ್ದನ್ನು ಲೆಕ್ಕದಲ್ಲಿ ಹಿಗ್ಗಿಸಿ 2ಕೆ ಅಂತ ಹೆಸರಿಟ್ಟಿದ್ದಾರೆ. ದೋಸೆ ಹಿಟ್ಟಿಗೆ ನೀರು ಹಾಕಿ ಐದು ದೋಸೆಯನ್ನು ಹದಿನೈದು ಮಾಡಿದ ಲೆಕ್ಕ. ಈ ಪೇಪರ್ ಪರೀಕ್ಷೆಯನ್ನು ಯಾರಾದರೂ ಮಾಡಬಹುದು, ಖರ್ಚಿಲ್ಲ. ಇಂಗ್ಲಿಷ್ ಪೇಪರಿಗಿಂತ ಕನ್ನಡ ಪೇಪರೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ನಮ್ಮ ಒತ್ತಕ್ಷರದಷ್ಟು ಕ್ಯಾಮೆರಾದ ಬಣ್ಣ ಬಯಲು ಮಾಡುವ ವಸ್ತು ಇನ್ನೊಂದಿಲ್ಲ.

ಈಗ ಮೈನಸ್ ಎಲ್ಲಿ ಹೋಯಿತು ಅಂತ ಲೆಕ್ಕ ಹಾಕೋಣ. ನೋಟ್‌ಬುಕ್ ಮತ್ತು ಕೈ ಸೇರಿ ಚಿತ್ರದಲ್ಲಿ ಅರ್ಧ ಮೀಟರ್ ಅಗಲ ಕಾಣುತ್ತದೆ ಅಂತಿಟ್ಟುಕೊಳ್ಳಿ. 640 ಚುಕ್ಕಿಯನ್ನು 500 ಮಿಲಿಮೀಟರಿಗೆ ಹಂಚಿದರೆ ಮಿಲಿಮೀಟರಿಗೆ ಒಂದೂಕಾಲು ಚುಕ್ಕಿ. ಅವಳ ಜೆಲ್ ಪೆನ್ನಿನ ಗೆರೆ ಅರ್ಧ ಮಿಲಿಮೀಟರ್ ದಪ್ಪ. ಅಂದರೆ ಒಂದು ಚುಕ್ಕಿಯೂ ಪೂರ್ತಿ ಅಲ್ಲ. ಕಪ್ಪು ಗೆರೆ ಬಿಳಿ ಕಾಗದದ ಜೊತೆ ಕಲೆತು ಬೂದಿ ಬಣ್ಣ ಆಗುತ್ತದೆ. ನೋಟ್‌ಬುಕ್‌ನ ನೀಲಿ ಗೆರೆಯ ಮೇಲೆಯೇ ಮೈನಸ್ ಬರೆದಿದ್ದರೆ ಮುಗಿದೇಹೋಯಿತು. 3, 7 ಇವೆಲ್ಲ ಮೇಲೆ ಕೆಳಗೆ ಓಡಾಡುವ ಅಂಕೆಗಳು, ಹೇಗೋ ಬದುಕುತ್ತವೆ. ಒಂಟಿ ಅಡ್ಡ ಗೆರೆಗೆ ದಿಕ್ಕಿಲ್ಲ. ಅದೇ ನಿಜವಾದ 1080ಪಿ ಕ್ಯಾಮೆರಾದಲ್ಲಿ ಮಿಲಿಮೀಟರಿಗೆ ಹತ್ತಿರ ಹತ್ತಿರ ನಾಲ್ಕು ಚುಕ್ಕಿ ಸಿಗುತ್ತದೆ, ಮೈನಸ್‌ಗೆ ಎರಡು ಚುಕ್ಕಿ ದಪ್ಪ ಬರುತ್ತದೆ.

ಇದನ್ನು ಅವಳಿಗೆ ವಿವರಿಸಿದಾಗ ಅವಳು ಎದ್ದು ಹೋಗಿ ಡ್ರಾಯರ್‌ನಿಂದ ಒಂದು ಕಪ್ಪು ಸ್ಕೆಚ್ ಪೆನ್ನು ತಂದಳು. ಗೆರೆ ಒಂದು ಮಿಲಿಮೀಟರಿಗಿಂತ ದಪ್ಪ. ಗೆರೆ ಇಲ್ಲದ ಬಿಳಿ ಹಾಳೆಯಲ್ಲಿ -3ಎಕ್ಸ್ ಅಂತ ಬರೆದಳು. ಅದೇ ಸುಳ್ಳು 2ಕೆ ಕ್ಯಾಮೆರಾದಲ್ಲೂ ಮೈನಸ್ ಕಂಡಿತು! ಹತ್ತು ರೂಪಾಯಿ ಪೆನ್ನು. ಅಲ್ಲಿಗೆ ನನ್ನ ಉಪನ್ಯಾಸ ನಿಂತಿತು.

ಟೇಪು ಹಿಡಿದು ಅಳೆದದ್ದು

ನನ್ನ ಸಿ920 ಹಾಕಿ ಒಂದು ವಾರ ನೋಡು ಅಂದೆ. ಚಿತ್ರ ಎಷ್ಟೋ ಚೆನ್ನಾಗಿ ಬಂತು. ಆದರೆ ಆ ವಾರವೇ ಬೇರೆ ದೂರು. ಆಫೀಸ್ ಮೀಟಿಂಗ್ ನಡೆಯುವಾಗ ಹಿಂದೆ ಭಾವನ ಬನಿಯನ್‌ಗಳು ಸಾಲಾಗಿ ಕಾಣುತ್ತಿದ್ದವು. ಅಜ್ಜಿ ಬಚ್ಚಲಿಗೆ ಹೋಗುವಾಗ ಪ್ರತಿ ಸಲ ಕ್ಯಾಮೆರಾದ ಎದುರು ನಿಂತು "ಯಾರು ಅದು, ಊಟ ಆಯ್ತಾ?" ಅಂತ ಆಡಿಟರರನ್ನು ಕೇಳುತ್ತಿದ್ದರು.

ಹಿನ್ನೆಲೆ ಮಸುಕು ಮಾಡುವ ಆಯ್ಕೆ ಇದೆಯಲ್ಲ ಅನ್ನಬಹುದು. ಮುಖಕ್ಕೆ ಪರವಾಗಿಲ್ಲ, ಕೂದಲ ತುದಿ ಕತ್ತರಿಸಿಹೋಗುತ್ತದೆ, ಅಷ್ಟೆ. ಆದರೆ ಅದನ್ನು ಆಫ್ ಮಾಡಲು ಮರೆತು ನೋಟ್‌ಬುಕ್ ತೋರಿಸಿದರೆ ಸಾಫ್ಟ್‌ವೇರು ನೋಟ್‌ಬುಕ್ಕನ್ನೇ ಹಿನ್ನೆಲೆ ಅಂತ ತಿಳಿದು ಅಳಿಸಿಬಿಡುತ್ತದೆ. ಅದೂ ಒಂದು ದಿನ ಆಯಿತು.

ಹಾಗಾಗಿ ಟೇಪು ತೆಗೆದೆ. ಕುರ್ಚಿಯಲ್ಲಿ ಕೂತಾಗ ಮಾನಿಟರ್‌ನಿಂದ ಮುಖಕ್ಕೆ 60 ಸೆಂಟಿಮೀಟರ್. ಕ್ಯಾಮೆರಾಗಳ ಪೆಟ್ಟಿಗೆ ಮೇಲೆ ಡಿಗ್ರಿ ಬರೆದಿರುತ್ತಾರೆ. ಅದು ಸಾಮಾನ್ಯವಾಗಿ ಮೂಲೆಯಿಂದ ಮೂಲೆಗೆ ಅಳೆದದ್ದು, ಅಗಲಕ್ಕೆ ಅಲ್ಲ. ಅಗಲಕ್ಕೆ ತಂದು ಲೆಕ್ಕ ಹಾಕಿದರೆ, 60 ಸೆಂಟಿಮೀಟರ್ ದೂರದಲ್ಲಿ 90 ಡಿಗ್ರಿಯ ಕ್ಯಾಮೆರಾ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ ಅಗಲ ತೋರಿಸುತ್ತದೆ. ಸಿ920ರ 78 ಡಿಗ್ರಿಗೆ ಸುಮಾರು 85 ಸೆಂಟಿಮೀಟರ್. ಲಾಜಿಟೆಕ್‌ನದೇ ಅಗ್ಗದ ಮಾದರಿ, 55 ಡಿಗ್ರಿಯ ಸಿ270ಗೆ 54 ಸೆಂಟಿಮೀಟರ್. ಅಂದರೆ ಎರಡು ಭುಜ, ಒಂದು ತಲೆ, ಮುಗಿಯಿತು. ಹಿಂದೆ ಹೋದಷ್ಟೂ ಈ ವ್ಯತ್ಯಾಸ ಬೆಳೆಯುತ್ತದೆ. ಕುರ್ಚಿಯನ್ನು ಒಂದೇ ಒಂದು ಅಂಗೈ ಬಲಕ್ಕೆ ಸರಿಸಿದರೆ, ಸಿ270ಯ ಚೌಕಟ್ಟಿನಿಂದ ಬಟ್ಟೆ ಹಗ್ಗವೂ ಅಜ್ಜಿಯ ದಾರಿಯೂ ಆಚೆ. 90 ಡಿಗ್ರಿಯದ್ದಾದರೆ ಇಡೀ ಸಂಸಾರ ಒಳಗೆ.

ದೊಡ್ಡ ಮನೆಯವರು ಅಗಲ ಕೋನ ಅಂದರೆ ಒಳ್ಳೆಯದು ಅಂತ ತಿಳಿಯುತ್ತಾರೆ, ಅಂಗಡಿಯವರೂ ಹಾಗೇ ಮಾರುತ್ತಾರೆ. ಮುಂಬೈಯ ಹತ್ತಡಿ ಹಾಲಿನಲ್ಲಿ ಅದು ಉಲ್ಟಾ. ಇಲ್ಲಿ ಇಕ್ಕಟ್ಟಾದ ಕೋನವೇ ಮರ್ಯಾದೆ ಉಳಿಸುವುದು.

ಆಗ ಹೊಳೆದದ್ದು, ಇವಳಿಗೆ ಬೇಕಾದದ್ದು ಒಂದು ಕ್ಯಾಮೆರಾ ಅಲ್ಲ, ಎರಡು ಬೇರೆ ಕೆಲಸ. ಆಫೀಸಿಗೆ ಮುಖ ತೋರಿಸಬೇಕು. ಅದಕ್ಕೆ 720ಪಿ ಧಾರಾಳ. ಹತ್ತು ಜನರ ಮೀಟಿಂಗ್‌ನಲ್ಲಿ ನಮ್ಮ ಮುಖ ಬೆಂಕಿಪೊಟ್ಟಣದಷ್ಟು ಚೌಕದಲ್ಲಿ ಕೂರುತ್ತದೆ, ಯಾರೂ ಹುಬ್ಬು ಎಣಿಸುವುದಿಲ್ಲ. ಮಕ್ಕಳಿಗೆ ತೋರಿಸಬೇಕಾದದ್ದು ಮುಖ ಅಲ್ಲ, ಕೈ ಮತ್ತು ಹಾಳೆ. ಚೆನ್ನಾಗಿ ಕಾಣಬೇಕಾದ ಕ್ಯಾಮೆರಾ ಅದು. ನಾವು ಮೊದಲಿನಿಂದ ಮುಖದ ಕ್ಯಾಮೆರಾ ಬಗ್ಗೆಯೇ ತಲೆ ಕೆಡಿಸಿಕೊಂಡಿದ್ದೆವು.

ಹಾಳೆಗೆ ಯಾವುದು? ಭಾವನ ಹಳೆಯ ಆ್ಯಂಡ್ರಾಯ್ಡ್ ಫೋನ್ ಇತ್ತು. ಪರದೆ ಒಡೆದಿದೆ, ಕ್ಯಾಮೆರಾ ಸರಿ ಇದೆ. ಡ್ರಾಯ್ಡ್‌ಕ್ಯಾಮ್, ಐರಿಯನ್ ಥರದ ಆ್ಯಪ್ ಹಾಕಿ ಯುಎಸ್‌ಬಿ ವೈರ್ ಚುಚ್ಚಿದರೆ ಫೋನೇ ವೆಬ್‌ಕ್ಯಾಮ್ ಆಗುತ್ತದೆ. ಫೋನಿನ ಸೆನ್ಸರ್ ಸಾಮಾನ್ಯ ವೆಬ್‌ಕ್ಯಾಮ್‌ನದಕ್ಕಿಂತ ಎಷ್ಟೋ ಮೇಲು. ತೀರ್ಮಾನ ಆಯಿತು: ಮುಖಕ್ಕೆ 720ಪಿಯ ಸಿ270, ಹಾಳೆಗೆ ಹಳೆಯ ಫೋನ್, ಅದನ್ನು ಮೇಲೆ ಹಿಡಿಯಲು ಒಂದು ಬಾಗುವ ಕೈ, ಪಕ್ಕಕ್ಕೊಂದು ದೀಪ. ನನ್ನ ಸಿ920 ನನಗೆ ವಾಪಸ್.

ಗ್ರಾಂಟ್ ರೋಡಿಗೆ ಒಂದು ಶನಿವಾರ

ಕೊಳ್ಳಲು ಮುಂಬೈಯ ಎಲೆಕ್ಟ್ರಾನಿಕ್ಸ್ ಬೀದಿ ಲ್ಯಾಮಿಂಗ್ಟನ್ ರೋಡಿಗೇ ಹೋದೆವು. ದಾಖಲೆಯಲ್ಲಿ ಅದು ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ, ಬಾಯಲ್ಲಿ ಲ್ಯಾಮಿಂಗ್ಟನ್. ಡೊಂಬಿವಲಿಯಿಂದ ಫಾಸ್ಟ್ ಲೋಕಲ್, ದಾದರ್‌ನಲ್ಲಿ ಇಳಿದು ಸೇತುವೆ ಹತ್ತಿ ವೆಸ್ಟರ್ನ್ ಲೈನ್, ಅಲ್ಲಿಂದ ಸ್ಲೋ ಗಾಡಿಯಲ್ಲಿ ಗ್ರಾಂಟ್ ರೋಡ್. ಅಂಗಡಿಯವನು ಮೊದಲು ತೋರಿಸಿದ್ದು 4ಕೆ. ಬೇಡ ಅಂದೆವು. ಆಮೇಲೆ ಹೆಸರೇ ಕೇಳದ ಒಂದು 1080ಪಿ, ಸಿ270ಗಿಂತ ಇನ್ನೂರು ರೂಪಾಯಿ ಕಮ್ಮಿ. ಹುಡುಗಿ ಚೀಲದಿಂದ ಮಡಚಿದ ಕನ್ನಡ ಪೇಪರ್ ತೆಗೆದು "ಇದನ್ನು ಒಮ್ಮೆ ತೋರಿಸ್ತೀರಾ?" ಅಂತ ಹಿಂದಿಯಲ್ಲಿ ಕೇಳಿದಳು. ಕೌಂಟರ್ ಹಿಂದಿನ ಹುಡುಗ ನಕ್ಕ. ಪಾಪ, ಕಂಪ್ಯೂಟರಿಗೆ ಚುಚ್ಚಿ ತೋರಿಸಿದ. "ಕ್ಷ" ಮುದ್ದೆ. ಅವನೇ ಪೆಟ್ಟಿಗೆ ಮುಚ್ಚಿ ಸಿ270 ತೆಗೆದ.

ಸಿ270: 1,750, ಜಿಎಸ್‌ಟಿ ಬಿಲ್ ಸಮೇತ. ಬಾಗುವ ಕೈ 650. ಒಂಬತ್ತು ವ್ಯಾಟಿನ ಬಲ್ಬು, ಮೇಜಿಗೆ ಕಚ್ಚುವ ಹೋಲ್ಡರ್ 350. ಒಟ್ಟು 2,750. ಸ್ಟೇಷನ್ ಅಂಗಡಿಯ 1,350 ನೀರಿಗೆ ಹೋದದ್ದು ಬೇರೆ.

ಬರುವಾಗ ಮಾಟುಂಗಾದಲ್ಲಿ ಇಳಿದು ಕಾಫಿ ಕುಡಿದೆವು. ಮುಂಬೈಯಲ್ಲಿ ಕನ್ನಡದವರು ಏನು ಕೊಂಡರೂ ಕೊನೆಗೆ ಮಾಟುಂಗಾದಲ್ಲಿ ಇಳಿಯುವುದು ನಿಯಮ. ಕಾಫಿ ನೋಡಿ ನೆನಪಾಯಿತು ಅಂತ ಅವಳಿಗೊಂದು ಕಥೆ ಹೇಳಿದೆ. ಜಗತ್ತಿನ ಮೊದಲ ವೆಬ್‌ಕ್ಯಾಮ್ ಹುಟ್ಟಿದ್ದು ಕಾಫಿಗಾಗಿಯೇ. 1991ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಲ್ಯಾಬಿನವರು ಕಾಫಿ ಯಂತ್ರದ ಎದುರು ಒಂದು ಕ್ಯಾಮೆರಾ ಇಟ್ಟರು. ಮೆಟ್ಟಿಲು ಇಳಿದು ಹೋದಮೇಲೆ ಪಾತ್ರೆ ಖಾಲಿ ಇದ್ದರೆ ಬೇಜಾರಲ್ಲವಾ, ಅದಕ್ಕೆ. ಚಿತ್ರ 128ಕ್ಕೆ 128 ಚುಕ್ಕಿ, ಬರೀ ಕಪ್ಪುಬಿಳುಪು. 2001ರವರೆಗೆ ಆ ಕ್ಯಾಮೆರಾ ನಡೆಯಿತು. ಪಾತ್ರೆಯಲ್ಲಿ ಕಾಫಿ ಇದೆಯಾ ಇಲ್ಲವಾ ಅಂತ ನೋಡಲು ಅಷ್ಟು ಸಾಕಾಗಿತ್ತು. "ಅದರಲ್ಲಿ ಮೈನಸ್ ಕಾಣ್ತಿತ್ತಾ?" ಅಂತ ಕೇಳಿದಳು. ಬಿಡುವ ಹುಡುಗಿ ಅಲ್ಲ.

ಆಮೇಲೆ ಆದದ್ದು

ಜೋಡಿಸುವಾಗ ಮೂರು ಸಣ್ಣ ಪಾಠ. ದೀಪವನ್ನು ಎಡಗಡೆ ಇಡಬೇಕು, ಅವಳು ಬಲಗೈಯವಳು. ಬಲಕ್ಕೆ ಇಟ್ಟರೆ ಬರೆಯುವ ಅಂಕೆಯ ಮೇಲೆಯೇ ಕೈಯ ನೆರಳು. ಮೇಲಿನಿಂದ ಇಟ್ಟ ಕ್ಯಾಮೆರಾ ಹಾಳೆಯನ್ನು ತಲೆಕೆಳಗೆ ತೋರಿಸಿತು. ಓಬಿಎಸ್‌ನಲ್ಲಿ 180 ಡಿಗ್ರಿ ತಿರುಗಿಸಿ, ತಿರುಗಿಸಿದ ಚಿತ್ರವನ್ನೇ ಕ್ಯಾಮೆರಾ ಅಂತ ತೋರಿಸುವ ಅದರ ವರ್ಚುವಲ್ ಕ್ಯಾಮೆರಾವನ್ನು ಮೀಟಿಂಗಿಗೆ ಕೊಟ್ಟೆವು. ಅಲ್ಲಿಯೇ ಅಂಚುಗಳನ್ನು ಕತ್ತರಿಸಿ ಹಾಳೆಯನ್ನಷ್ಟೇ ಕಳಿಸುವುದೂ ಆಯಿತು. ಮೂರನೆಯದು, ತನ್ನ ಪರದೆಯಲ್ಲಿ ಬರಹ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಕಂಡಾಗ ಅವಳು ಗಾಬರಿಯಾದಳು. ಅದು ನಮಗೆ ಮಾತ್ರ ಹಾಗೆ, ಆಚೆಯವರಿಗೆ ಸರಿಯಾಗಿಯೇ ಕಾಣುತ್ತದೆ.

ಕ್ಲಾಸಿನ ನಡುವೆ ನೆಟ್ ಕಡಿಯುತ್ತಿದ್ದದ್ದಕ್ಕೂ ಕ್ಯಾಮೆರಾಕ್ಕೇ ಬೈಗುಳ ಬಿದ್ದಿತ್ತು. ನೋಡಿದರೆ ವೈಫೈ ಡಾಂಗಲ್ ಪಕ್ಕದ ಪೋರ್ಟಿನಲ್ಲೇ ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್. ಯುಎಸ್‌ಬಿ 3.0ಯ ಗದ್ದಲ 2.4 ಗಿಗಾಹರ್ಟ್ಸ್ ವೈಫೈಗೆ ಅಡ್ಡ ಬರುತ್ತದೆ ಅಂತ ಇಂಟೆಲ್‌ನವರೇ 2012ರಲ್ಲಿ ಬರೆದಿದ್ದಾರೆ. ಡಾಂಗಲನ್ನು ಹಿಂದಿನ ಪೋರ್ಟಿಗೆ ಹಾಕಿದೆವು, ನಿಂತಿತು.

ಎರಡೂವರೆ ತಿಂಗಳು ಎಲ್ಲ ಚೆನ್ನಾಗಿತ್ತು. ಇಲ್ಲಿ ನನ್ನ ತೀರ್ಮಾನದ ಒಂದು ತಪ್ಪು ಬಯಲಾಯಿತು. ಮಳೆ ಹೋಗಿ ಅಕ್ಟೋಬರಿನ ಬಿಸಿ ಶುರುವಾಯಿತು. ಹಳೆಯ ಫೋನ್ ದಿನಾ ಒಂದೂವರೆ ತಾಸು ಕ್ಯಾಮೆರಾ ಆನ್ ಮಾಡಿಕೊಂಡು, ಜೊತೆಗೆ ಅದೇ ವೈರಿನಲ್ಲಿ ಚಾರ್ಜ್ ಆಗುತ್ತಾ, ಬಲ್ಬಿನ ಪಕ್ಕ ತೂಗುತ್ತಿತ್ತು. ಒಂದು ದಿನ ಹಾಳೆ ಸ್ವಲ್ಪ ಓರೆಯಾಗಿ ಕಾಣುತ್ತದಲ್ಲ ಅಂತ ಅವಳು ಫೋನನ್ನು ಬಾಗುವ ಕೈಯಿಂದ ಬಿಚ್ಚಿ ಮೇಜಿನ ಮೇಲಿಟ್ಟಳು. ಫೋನ್ ಮೇಜಿನ ಮೇಲೆ ತೊಟ್ಟಿಲಿನಂತೆ ತೂಗಿತು. ಹಿಂಬದಿ ಉಬ್ಬಿತ್ತು, ಅಂಚಿನಲ್ಲಿ ಉಗುರು ಹೋಗುವಷ್ಟು ಬಿರುಕು. ಬ್ಯಾಟರಿ ಊದಿಕೊಂಡಿತ್ತು. ಹಳೆಯ ಲಿಥಿಯಂ ಬ್ಯಾಟರಿಯನ್ನು ಬಿಸಿಯಲ್ಲಿ ಸದಾ ತುಂಬಿಯೇ ಇಟ್ಟರೆ ಹೀಗೆ ಆಗುತ್ತದೆ ಅಂತ ನನಗೆ ಗೊತ್ತಿಲ್ಲದ್ದೇನಲ್ಲ. ಹೇಳಲಿಲ್ಲ, ಅಷ್ಟೆ. ವೈರ್ ಕೀಳು, ಒತ್ತಬೇಡ, ಚುಚ್ಚಬೇಡ, ಬಾಲ್ಕನಿಯಲ್ಲಿಡು ಅಂತ ಫೋನಿನಲ್ಲೇ ಹೇಳಿ, ಮರುದಿನ ರಿಪೇರಿಯವನ ಹತ್ತಿರ ಕೊಡಿಸಿದೆ.

ಸಿ270ನ್ನೇ ಹಾಳೆಯ ಮೇಲೆ ತೂಗುಹಾಕಿ ನೋಡಿದಳು. ಅದರ ಫೋಕಸ್ ಒಂದೇ ದೂರಕ್ಕೆ ಬಿಗಿದದ್ದು, ಮುಖದ ದೂರಕ್ಕೆ ಸರಿ. ಒಂದಡಿ ಹತ್ತಿರದ ಹಾಳೆ ಮಂಜು. ಕೊನೆಗೆ ನನ್ನ ಸಿ920 ಮತ್ತೆ ಡೊಂಬಿವಲಿಗೆ ಹೋಯಿತು. ಅದಕ್ಕೆ ತಾನಾಗಿ ಫೋಕಸ್ ಮಾಡುವ ಶಕ್ತಿ ಇದೆ, ಅದೇ ಅದರ ಚಾಳಿಯೂ ಹೌದು. ಕೈ ಒಳಗೆ ಬಂದಾಗೆಲ್ಲ ಹಾಳೆಯನ್ನು ಬಿಟ್ಟು ಬಳೆಯನ್ನು ನೋಡುತ್ತಿತ್ತು. ಕೈ ಹೋದರೆ ಮತ್ತೆ ಹಾಳೆ. ಮಕ್ಕಳಿಗೆ ತಲೆ ಸುತ್ತು. ಸೆಟ್ಟಿಂಗ್‌ನಲ್ಲಿ ಫೋಕಸ್ ಎದುರಿನ ಆಟೋ ಗುರುತು ತೆಗೆದು, ಅಕ್ಷರ ಚೂಪಾಗುವ ತನಕ ಸ್ಲೈಡರ್ ಎಳೆದು ಅಲ್ಲೇ ಬಿಟ್ಟೆವು. ವೈರ್ ಕಿತ್ತು ಹಾಕಿದರೆ ಕ್ಯಾಮೆರಾ ಅದನ್ನು ಮರೆತುಬಿಡುತ್ತದೆ. ಹಾಗಾಗಿ ಆ ಅಂಕೆಯನ್ನೂ 50 ಹರ್ಟ್ಸನ್ನೂ ಒಂದು ಚೀಟಿಯಲ್ಲಿ ಬರೆದು ಮಾನಿಟರ್ ಕೆಳಗೆ ಅಂಟಿಸಿದ್ದಾಳೆ.

ಮೂರು ಸಾವಿರದಲ್ಲಿ ಎರಡೂ ಕೆಲಸ ಆಯಿತು ಅಂತ ನಾನು ಬರೆಯುವ ಹಾಗಿಲ್ಲ. ನನ್ನ ಕ್ಯಾಮೆರಾದ ಬೆಲೆ ಸೇರಿಸಿದರೆ ಲೆಕ್ಕ ಕೆಡುತ್ತದೆ. ಅದು ವಾಪಸ್ ಬರುವ ಲಕ್ಷಣವೂ ಇಲ್ಲ. ಹೋದ ತಿಂಗಳು ಕೇಳಿದ್ದಕ್ಕೆ "ಪರೀಕ್ಷೆ ಮುಗೀಲಿ ಮಾವ" ಅಂದಳು. ಯಾವ ವರ್ಷದ ಪರೀಕ್ಷೆ ಅಂತ ಹೇಳಲಿಲ್ಲ.

ಮೈಕು ಇನ್ನೂ ತಗೊಂಡಿಲ್ಲ, ಸಿ270ಯದ್ದೇ ನಡೆಯುತ್ತಿದೆ. ಏಳೂಕಾಲಿಗೆ ಅಕ್ಕ ಕುಕ್ಕರ್ ಇಡುತ್ತಾಳೆ. ಸೀಟಿ ಕೂಗಿದರೆ ಹನ್ನೊಂದು ಮನೆಯಲ್ಲೂ ಕೇಳಿಸುತ್ತದೆ. ಕುಂದಾಪುರದ ಹುಡುಗನೊಬ್ಬ ಮೂರನೇ ಸೀಟಿಗೆ "ಟೀಚರ್, ಅನ್ನ ಆಯ್ತು" ಅಂತ ಚಾಟ್‌ನಲ್ಲಿ ಹಾಕುತ್ತಾನೆ.